ಲೀಂಡರ್ ಕ್ರಾಸ್ಬಿ ಬಾತುಬೇಟೆಗೆ ನಾಯಿ ಆರಿಸಿದ್ದು

ನಮ್ಮ ಬಂದರಿನಲ್ಲಿ ಗಂಡಸರದು ಎರಡೇ ಜಾತಿ. ಕಾಡುಬಾತು ಹೊಡೆಯುವವರು, ಆ ಬಾತುಗಳ ಗರಿ ಕೀಳುವವರು. ಲೀಂಡರ್ ಕ್ರಾಸ್ಬಿ ಎರಡನೆಯ ಜಾತಿಗೆ ಸೇರಿದವನು, ಅದೂ ಮದುವೆಯಾದಂದಿನಿಂದ. ಒಳನಾಡಿನಿಂದ ನಮ್ಮೂರಿನ ಅಂಚೆ ಕಚೇರಿಗೆ ವರ್ಗವಾಗಿ ಬಂದ ಈ ಮನುಷ್ಯ, ಮೆಡ್ರಿಕ್ ಸುರೆಟ್ ಕ್ಯಾಪ್ಟನ್ನರ ಮಗಳು ಒಡೀಲ್‌ಳನ್ನು ಮದುವೆಯಾದ. ಮದುವೆಯ ಮಾರನೆಯ ವಾರವೇ ಮಾವನ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ, ಬಟ್ಟೆ ಕೊಳೆಯಾಗದಂತೆ ಮುಂಗವಚ ಕಟ್ಟಿಕೊಂಡು, ಗರಿ ಕೀಳಲು ಕುಳಿತ. ಅಲ್ಲಿಂದ ಅವನು ಎದ್ದದ್ದೇ ಇಲ್ಲ.

ಕ್ಯಾಪ್ಟನ್ ಅವನನ್ನು ಒಂದು ದಿನವೂ ಅಳಿಯ ಎಂದು ಕರೆದವರಲ್ಲ. ಹೆಸರು ಹಿಡಿದೂ ಕರೆದವರಲ್ಲ. "ಏಯ್ ಅಂಚೆ, ಉಪ್ಪು ಇತ್ಲಾಗೆ ತಳ್ಳು" ಎನ್ನುವರು. ಲೀಂಡರ್ ತಳ್ಳುವನು.

ನನ್ನ ಹಗ್ಗ, ಗಾಳದ ಅಂಗಡಿ ಅಂಚೆ ಕಚೇರಿಯ ಎದುರಿಗೇ ಇದೆ. ಕ್ಯಾಪ್ಟನ್ನರ ಜೊತೆ ಬೇಟೆಗೆ ಹೋಗುವವನೂ ನಾನೇ. ಆದ್ದರಿಂದ ಈ ಕಥೆಯಲ್ಲಿ ನಾನು ಕಣ್ಣಾರೆ ಕಾಣದ್ದು ಕಡಿಮೆ. ಕಾಣದ್ದನ್ನು ನನ್ನ ಹೆಂಡತಿ ಕಂಡಿದ್ದಾಳೆ, ಅವಳು ಕಂಡದ್ದು ಹೆಚ್ಚೇ ಇರುತ್ತದೆ.

ಎಲ್ಲ ಶುರುವಾದದ್ದು ಒಂದು ಭಾನುವಾರ, ರಾಪ್ಯೂರ್ ಊಟದಲ್ಲಿ. ಆಲೂಗಡ್ಡೆ ತುರಿದು, ಹಿಂಡಿ, ಕೋಳಿಸಾರು ಸುರಿದು, ಬೆಳಗಿನಿಂದ ಒಲೆಯೊಳಗೆ ಬೇಯಿಸಿದ ಆ ತಿನಿಸನ್ನು ಉಂಡ ಮೇಲೆ ನಮ್ಮವರಿಗೆ ಎರಡು ಕೆಲಸ ಮಾತ್ರ ಸಾಧ್ಯ: ನಿದ್ದೆ, ಇಲ್ಲವೇ ಜಗಳ. ಅಂದು ಜಗಳದ ಸರದಿ. ಕ್ಯಾಪ್ಟನ್ನರ ಮುದಿ ನಾಯಿ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿತ್ತು. ಅಕ್ಟೋಬರ್‌ನಲ್ಲಿ ಬೇಟೆ ಶುರುವಾಗುವಷ್ಟರಲ್ಲಿ ಹೊಸದೊಂದು ಬೇಕಿತ್ತು.

"ಲ್ಯಾಬ್ರಡಾರ್ ತರೋಣ ಅಪ್ಪಾ" ಎಂದ ದೊಡ್ಡ ಮಗ ಕ್ಲೋವಿಸ್. "ಹೇಳಿದ್ ಮಾತು ಕೇಳುತ್ತೆ."

"ಹೇಳಿದ್ ಮಾತು ಕೇಳೋಕೆ ನಮ್ಮನೇಲಿ ಅಂಚೆ ಇಲ್ವಾ?" ಎಂದ ಚಿಕ್ಕವನು ರೆಮಿ. "ಚೆಸಪೀಕ್ ತರೋಣ. ಮಂಜುಗಡ್ಡೆ ಒಡ್ಕೊಂಡು ಈಜುತ್ತೆ."

"ಅದು ಮೊದಲು ನಿನ್ನ ಕೈ ಕಡಿಯುತ್ತೆ, ಆಮೇಲೆ ಮಂಜುಗಡ್ಡೆ" ಎಂದ ಕ್ಲೋವಿಸ್.

ಆಗ ಲೀಂಡರ್ ಬಾಯಿ ಒರೆಸಿಕೊಂಡ. ಒಡೀಲ್ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಆದರೂ ಅವನು ಮಾತಾಡಿದ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಯಾರ ಸಲುವಾಗಿ ಹುಟ್ಟಿತೋ ಏನೋ.

"ನೋಡಿ, ತಳಿ ಆರಿಸೋದು ಅಂದ್ರೆ ಅದೊಂದು ಶಾಸ್ತ್ರ. ನೀರಿನ ಆಳ, ಗಾಳಿ ದಿಕ್ಕು, ಬಾತಿನ ಸ್ವಭಾವ, ಎಲ್ಲಾ ತೂಗಿ ನೋಡ್ಬೇಕು. ಹಾಗೆಲ್ಲ ಊಟದ ಮೇಜಿನ ಮೇಲೆ ಆಗೋ ತೀರ್ಮಾನ ಅಲ್ಲ ಅದು."

ಈ ಪಾಂಡಿತ್ಯ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ನಮ್ಮೂರಿನ ಯಾರಿಗೋ ಬರುವ ಬೇಟೆಯ ಮಾಸಪತ್ರಿಕೆ ಅಂಚೆ ಕಚೇರಿಯಲ್ಲಿ ಎರಡು ದಿನ ತಂಗುತ್ತಿತ್ತು. ಹೊದಿಕೆ ಹರಿಯದಂತೆ ಎಷ್ಟು ಓದಬಹುದೋ ಅಷ್ಟನ್ನು ಲೀಂಡರ್ ಓದಿದ್ದ. ಅಂದರೆ ಪ್ರತಿ ಪುಟದ ಬಲಗಡೆಯ ಅರ್ಧ.

ಕ್ಯಾಪ್ಟನ್ ಚಮಚ ಕೆಳಗಿಟ್ಟರು.

"ಸರಿ ಹಾಗಾದ್ರೆ, ಅಂಚೆ. ನೀನೇ ಆರ್ಸು."

"ನಾನಾ?"

"ಶಾಸ್ತ್ರ ಬಲ್ಲೋನು ನೀನು ತಾನೆ? ನಾಯಿ ತಗೊಂಡ್ ಬಾ. ಬೇಟೆ ಶುರುವಾಗೋ ದಿನ ಅದು ಬಾತುಗಳನ್ನ ನಮ್ಮ ದಡಕ್ಕೆ ತಂದ್ರೆ, ನಾವು ಕೋವಿ ಹಿಡ್ದು ಅಡಗಿ ಕೂರೋ ಹುಲ್ಲಲ್ಲಿ ನನ್ನ ಪಕ್ಕ ನಿನಗೊಂದು ಜಾಗ. ತರದೆ ಹೋದ್ರೆ ಸಾಯೋವರೆಗೂ ಗರಿ ಕಿತ್ಕೊಂಡಿರು. ಮತ್ತೆ ನನ್ನ ಮೇಜಿನ ಮೇಲೆ ಶಾಸ್ತ್ರದ ಮಾತಾಡ್ಕೂಡದು."

ಲೀಂಡರ್ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು. ಕೊಟ್ಟಿಗೆಯಲ್ಲಿ ಕೂತು ಮೂಗಿನೊಳಗೆ ಗರಿ ಹೋಗಿ ಸೀನುತ್ತಿದ್ದ ಆ ಮನುಷ್ಯ ಎಷ್ಟು ವರ್ಷದಿಂದ ಆ ಜಾಗಕ್ಕೆ ಆಸೆಪಟ್ಟಿದ್ದನೆಂದು ನನಗೆ ಅಂದೇ ತಿಳಿದದ್ದು. ಪಾಪ ಅನ್ನಿಸಿತು.

ಸೋಮವಾರ ಬೆಳಿಗ್ಗೆ ಅಂಚೆ ಕಚೇರಿ ನಾಯಿಗಳ ಸಂಸತ್ತಾಯಿತು. ಅಂಚೆಚೀಟಿ ಕೇಳಲು ಬಂದವರೆಲ್ಲ ಒಂದೊಂದು ತಳಿ ಹೇಳಿ ಹೋದರು. ಫಾದರ್ ಕೊಮೋ ಅವರಿಗೆ ಸ್ಪ್ಯಾನಿಯಲ್ ಇಷ್ಟ, ಅದರ ಕಣ್ಣಿನಲ್ಲಿ ಪಶ್ಚಾತ್ತಾಪ ಇರುತ್ತದಂತೆ. ಪಕ್ಕದ ಮನೆಯ ಹೆನ್ರಿಯೆಟ್ ನ್ಯೂಫೌಂಡ್‌ಲ್ಯಾಂಡ್ ನಾಯಿಯೇ ಆಗಬೇಕೆಂದಳು. "ನಿಮ್ಮಂಥೋರು ನೀರಿಗೆ ಬಿದ್ರೆ ಎಳ್ಕೊಂಡ್ ಬರೋ ಶಕ್ತಿ ಅದಕ್ಕೊಂದಕ್ಕೇ ಇರೋದು, ಕ್ರಾಸ್ಬಿಯವರೇ" ಎಂದು ಅವನ ಹೊಟ್ಟೆಯ ಕಡೆ ನೋಡಿದಳು. ಇನ್ನೊಬ್ಬರು ಪೂಡಲ್ ಎಂದರು. ಅದರ ಮೂಲ ಕಸುಬೇ ನೀರಿನ ಬೇಟೆ ಎಂದು ಲೀಂಡರ್ ಬಲಗಡೆಯ ಅರ್ಧಪುಟದಲ್ಲಿ ಓದಿದ್ದನಾದರೂ, ಪೂಡಲ್ ಹಿಡಿದುಕೊಂಡು ಮೆಡ್ರಿಕ್ ಕ್ಯಾಪ್ಟನ್ನರ ಮುಂದೆ ನಿಲ್ಲುವ ಎದೆಗಾರಿಕೆ ಯಾವ ಪುಟದಲ್ಲೂ ಸಿಗಲಿಲ್ಲ.

ಮನೆಯಲ್ಲಿ ಒಡೀಲ್‌ಳ ಷರತ್ತುಗಳೇ ಬೇರೆ.

"ರೀ, ಕೂದಲು ಉದುರಬಾರ್ದು. ಜೊಲ್ಲು ಸುರಿಸಬಾರ್ದು. ಒದ್ದೆ ವಾಸನೆ ಬರಬಾರ್ದು. ಸೋಫಾ ಹತ್ತಬಾರ್ದು."

"ಒಡೀಲ್, ಇದು ನೀರಿಗೆ ಇಳಿಯೋ ನಾಯಿ ಕಣೇ."

"ಇಳೀಲಿ. ಒದ್ದೆ ಆಗದ ಹಾಗೆ ಇಳೀಲಿ."

ಎಲ್ಲರ ಮಾತು ಕೇಳಿ ಕೇಳಿ ಲೀಂಡರ್ ತಲೆ ಗಿರ್ರನೆ ಸುತ್ತಿತು. ಕಾಗದಗಳು ತಪ್ಪು ಪೆಟ್ಟಿಗೆಗೆ ಬೀಳತೊಡಗಿದವು. ನನಗೆ ಬರಬೇಕಾಗಿದ್ದ ಹಗ್ಗದ ಬಿಲ್ಲು ಕಾನ್ವೆಂಟಿಗೆ ಹೋಯಿತು. ಅಲ್ಲಿನ ಸನ್ಯಾಸಿನಿಯರು ಅದನ್ನು ಪಾವತಿ ಮಾಡಿಯೂ ಬಿಟ್ಟರು, ಆ ಮಾತು ಇಲ್ಲಿ ಬೇಡ. ಕೊನೆಗೆ ನಾನೇ ಕರೆದು ಹೇಳಿದೆ:

"ಅಯ್ಯಾ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನಮ್ಮ ನೀರಿಗೆ ನಮ್ಮ ನಾಯಿ. ಯುಲಾಲಿಯಮ್ಮನ ಹತ್ರ ಹೋಗು, ಕೆಂಪು ನಾಯಿ ತಗೋ."

ಕೆಂಪು ನಾಯಿ ಎಂದರೆ ನಮ್ಮ ಕೌಂಟಿಯ ತಳಿ, ನೋಡಲು ನರಿಯ ಹಾಗೆ. ಕಾಡುಬಾತಿಗೆ ಹೆದರಿಕೆ ಎಷ್ಟೋ ಕುತೂಹಲ ಅದಕ್ಕಿಂತ ಒಂದು ತೂಕ ಹೆಚ್ಚು. ನಾವು ದಡದ ಹುಲ್ಲಿನಲ್ಲಿ ಅಡಗಿ ಕೂತು ಕಡ್ಡಿ ಎಸೆಯುತ್ತೇವೆ. ಈ ನಾಯಿ ಬಯಲಿಗೆ ಓಡಿ, ನೆಗೆದು, ಕಡ್ಡಿ ಕಚ್ಚಿಕೊಂಡು ವಾಪಸು ಬರುತ್ತದೆ. ಮತ್ತೆ ಎಸೆಯುತ್ತೇವೆ. ದೂರದ ನೀರಿನಲ್ಲಿರುವ ಬಾತುಗಳು "ಇದೇನಪ್ಪಾ ಇದು ಕುಣಿತ" ಎಂದು ನೋಡಲು ಈಜಿಕೊಂಡು ಹತ್ತಿರ ಬರುತ್ತವೆ. ಮುಂದಿನದು ಕೋವಿಯ ಕೆಲಸ. ಜಗಳ ನೋಡಲು ಕಿಟಕಿಗೆ ಬರುವ ನಮ್ಮ ಹೆನ್ರಿಯೆಟ್‌ಗೂ ಬಾತಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಯುಲಾಲಿ ಪೊಥಿಯೆ ಗಂಡ ಸತ್ತ ಮೇಲೂ ಅವನ ನಾಯಿಗಳನ್ನು ಸಾಕಿಕೊಂಡು ಬಂದವಳು. ಹೆಣ್ಣು ನೋಡಲು ಬಂದ ವರನನ್ನು ನೋಡುವ ಹಾಗೆ ಅವಳು ಲೀಂಡರ್‌ನನ್ನು ಅಂಗಳದಲ್ಲಿ ನಿಲ್ಲಿಸಿಯೇ ನೋಡಿದಳು.

"ಕುಡೀತೀಯಾ?"

"ಭಾನುವಾರ ಸ್ವಲ್ಪ, ಅಮ್ಮಾ."

"ಬೈತೀಯಾ?"

"ನನ್ನನ್ನೇ ಎಲ್ಲರೂ ಬೈಯ್ಯೋದು."

ಅದು ಅವಳಿಗೆ ಹಿಡಿಸಿತು. ಒಳಗಿನಿಂದ ಬೆಳೆದ ಹೆಣ್ಣುನಾಯಿಯೊಂದನ್ನು ಕರೆದಳು. ಹೆಸರು ಬಿಜೂ. ಎದೆಯ ಮೇಲೆ ಬಿಳಿ ಮಚ್ಚೆ, ನಡಿಗೆಯಲ್ಲಿ ಬಿಷಪ್ಪರ ತಂಗಿಯ ಗತ್ತು.

"ಕೇಳಿಲ್ಲಿ" ಎಂದಳು ಯುಲಾಲಿಯಮ್ಮ. "ಇದಕ್ಕೆ ಕೂಗಾಡಿ ಹೇಳಿಕೊಟ್ರೆ ನಡಿಯಲ್ಲ. ನೀನು ಹೇಗಿರ್ತೀಯೋ ಅದೂ ಹಾಗಿರುತ್ತೆ. ನಿನ್ನನ್ನ ನೋಡಿ ಕಲಿಯುತ್ತೆ. ತಿಳೀತಾ?"

"ತಿಳೀತು" ಎಂದ ಲೀಂಡರ್. ನಮ್ಮ ಬಂದರಿನ ಇತಿಹಾಸದಲ್ಲಿ ಆ ಒಂದು ಪದದಷ್ಟು ದೊಡ್ಡ ಸುಳ್ಳು ಇನ್ನೊಂದಿಲ್ಲ.

ತಾಳ್ಮೆಯಿಂದಿರು, ನಾಯಿಯೂ ತಾಳ್ಮೆಯಿಂದಿರುತ್ತದೆ ಎಂದು ಅವಳ ಮಾತಿನ ಅರ್ಥ. ಯಾರಿಗೆ ಬೇಕಾದರೂ ಗೊತ್ತಾಗುತ್ತಿತ್ತು. ಲೀಂಡರ್ ಏನು ಮಾಡಿದ? ಮೊದಲ ಸಂಜೆ ದಡಕ್ಕೆ ಹೋಗಿ ಕಡ್ಡಿ ಎಸೆದ. ಬಿಜೂ ಹೊಸ ಊರು, ಹೊಸ ಗಾಳಿ ಎಂದು ಸ್ವಲ್ಪ ಹೊತ್ತು ಮೂಸಿ ನೋಡುತ್ತಾ ಕುಳಿತಿತು. ಅಷ್ಟರಲ್ಲೇ ಇವನು "ಓಹೋ, ನನ್ನನ್ನು ನೋಡಿ ಕಲಿಯಬೇಕಲ್ಲವೆ" ಎಂದುಕೊಂಡು ತಾನೇ ಓಡಿ ಕಡ್ಡಿ ತಂದ. ಬಿಜೂಗೆ ಇದು ಬಹಳ ಇಷ್ಟವಾಯಿತು. ಬಾಲ ಅಲ್ಲಾಡಿಸಿತು. ಬಾಲ ಅಲ್ಲಾಡಿತೆಂದರೆ ಪಾಠ ಹತ್ತಿತೆಂದು ತಿಳಿದ ಲೀಂಡರ್ ಮತ್ತೆ ಎಸೆದ, ಮತ್ತೆ ಓಡಿದ. ನಾಯಿ ನಿಜಕ್ಕೂ ಕಲಿಯಿತು: ಕಡ್ಡಿ ಹಾರಿದರೆ ಈ ದಪ್ಪ ಮನುಷ್ಯ ಓಡುತ್ತಾನೆ, ನಾನು ಕೂತು ನೋಡಬೇಕು.

ಅಂದಿನಿಂದ ದಿನಾ ಸಂಜೆ ಇದೇ. ಚಳಿಗೆ ಗಂಡ ಸಾಯದಿರಲೆಂದು, ನೀರಿಗೆ ಬಿದ್ದರೂ ದೂರದಿಂದ ಕಾಣಲೆಂದು, ಒಡೀಲ್ ಉಳಿದಿದ್ದ ಉಣ್ಣೆಯಲ್ಲಿ ಕಡುಕೆಂಪು ಸ್ವೆಟರ್ ಹೆಣೆದುಕೊಟ್ಟಿದ್ದಳು. ಅದನ್ನು ಹಾಕಿಕೊಂಡು ಲೀಂಡರ್ ದಡದ ಉದ್ದಕ್ಕೂ ಓಡುವನು, ಬಗ್ಗುವನು, ನೆಗೆಯುವನು. ನಾಯಿಗೆ ಕೆಲಸವಿಲ್ಲ, ನಿಲ್ಲೋಕೆ ಹೊತ್ತಿಲ್ಲ ಅಂತಾರಲ್ಲ, ಇಲ್ಲಿ ನಾಯಿ ಆರಾಮಾಗಿ ಕೂತಿತ್ತು, ನಿಲ್ಲಲು ಹೊತ್ತಿಲ್ಲದವನು ಇವನು. ನೋಡಲು ಜನ ಸೇರಿದರು. ಹೆನ್ರಿಯೆಟ್ ಮನೆಯಿಂದ ಕುರ್ಚಿ ತಂದಳು.

"ಒಡೀಲ್, ನಿಮ್ಮೆಜಮಾನ್ರಿಗೆ ಹುಷಾರಿಲ್ವಾ?" ಎಂದು ಮನೆ ಬಾಗಿಲಲ್ಲಿ ನಿಂತಿದ್ದ ಒಡೀಲ್‌ಳನ್ನು ಕೂಗಿ ಕೇಳಿದಳು.

"ನಾಯಿಗೆ ಕಲಿಸ್ತಿದಾರೆ."

"ನಾಯಿ ಕೂತಿದೆಯಲ್ಲೇ!"

"ನೋಡಿ ಕಲೀತಿದೆ" ಎಂದಳು ಒಡೀಲ್, ಬಾಗಿಲು ಹಾಕಿಕೊಂಡು ಒಳಗೆ ಅತ್ತಳು. ಅಪ್ಪನ ಎದುರು ಗಂಡ ಒಂದು ಸಲವಾದರೂ ತಲೆ ಎತ್ತಿ ನಿಲ್ಲಬೇಕೆಂಬ ಆಸೆ ಅವಳಿಗೂ ಇತ್ತು.

ಕತ್ತಲಾಗುವ ಹೊತ್ತಿಗೆ ದಡದಲ್ಲಿ ಕೆಂಪಗಿನ ದೊಡ್ಡ ಪ್ರಾಣಿ ತಿರುಗಾಡುತ್ತಿದೆಯೆಂದು ಯಾರೋ ಬೇಟೆ ವಾರ್ಡನ್ ಹ್ಯಾಟ್‌ಫೀಲ್ಡ್‌ಗೆ ದೂರು ಕೊಟ್ಟರು. ಅವನು ಕಾಯಿದೆಯನ್ನು ಬೈಬಲ್ಲಿಗಿಂತ ಒಂದು ಅಂಗುಲ ಮೇಲಿಟ್ಟವನು. ಬಂದು ನೋಡಿದರೆ, ಬಂಡೆ ಹತ್ತಲು ಎರಡೂ ಕೈ ಬೇಕಾಗಿ ಲೀಂಡರ್ ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದಾನೆ.

"ಪರವಾನಗಿ ಇದೆಯೇನ್ರೀ?"

ಲೀಂಡರ್ ಕಡ್ಡಿ ಉಗುಳಿದ. "ನಾಯಿಗೆ ಇದೆ ಸಾರ್."

"ನಾನು ನಾಯಿ ವಿಷಯ ಕೇಳ್ಲಿಲ್ಲ" ಎಂದ ಹ್ಯಾಟ್‌ಫೀಲ್ಡ್.

ಬೇಟೆ ಶುರುವಾಗುವ ದಿನ ಬಂತು. ಬೆಳಕು ಹರಿಯುವ ಮುಂಚೆ ನಾವು ಐವರು ಹುಲ್ಲಿನಲ್ಲಿ ಅಡಗಿದೆವು: ಕ್ಯಾಪ್ಟನ್, ಕ್ಲೋವಿಸ್, ರೆಮಿ, ನಾನು, ಲೀಂಡರ್. ಬಿಜೂ ಕ್ಯಾಪ್ಟನ್ನರ ಪಕ್ಕದಲ್ಲಿ, ಅಂದರೆ ಲೀಂಡರ್ ಆಸೆಪಟ್ಟ ಜಾಗದಲ್ಲೇ, ಕುಳಿತುಬಿಟ್ಟಿತು. ದೂರದ ನೀರಿನಲ್ಲಿ ಕಪ್ಪು ಬಾತುಗಳ ದೊಡ್ಡ ಹಿಂಡು, ಗುಂಡಿಗೆ ಎಟುಕದಷ್ಟು ದೂರ. ಆಚೆ ದಡದಲ್ಲಿ ಬೆನ್ವಾ ಅಮೀರೋ ಎಂಬ ಮಹಾಶಯ ತನ್ನ ಪದಕ ಗೆದ್ದ ಲ್ಯಾಬ್ರಡಾರ್ ಇಟ್ಟುಕೊಂಡು ಕೂತಿದ್ದ. ಕ್ಯಾಪ್ಟನ್‌ಗೂ ಅವನಿಗೂ ಒಂದು ದೋಣಿಯ ವಿಷಯದಲ್ಲಿ ಮಾತು ಬಿಟ್ಟು ಬಹಳ ಕಾಲವಾಗಿತ್ತು.

"ಹೂಂ, ಅಂಚೆ" ಎಂದು ಪಿಸುಗುಟ್ಟಿದರು ಕ್ಯಾಪ್ಟನ್. "ತೋರಿಸು ನಿನ್ನ ಶಾಸ್ತ್ರ."

ಲೀಂಡರ್ ಕಡ್ಡಿ ಎಸೆದ. ಬಿಜೂ ಕಡ್ಡಿಯ ಕಡೆ ನೋಡಿತು. ಆಮೇಲೆ ಲೀಂಡರ್ ಕಡೆ ನೋಡಿತು, ಇನ್ನೂ ಯಾಕೆ ಏಳಲಿಲ್ಲ ಎನ್ನುವ ಹಾಗೆ.

ಇನ್ನೊಂದು ಎಸೆದ. ಬಿಜೂ ಆಕಳಿಸಿತು.

"ಇದು ನಾಯಿನೋ, ಚರ್ಚಿಗೆ ಬಂದಿರೋ ನಿಮ್ಮತ್ತೆನೋ?" ಎಂದರು ಕ್ಯಾಪ್ಟನ್.

"ಮಾವ, ಜಾಗ ಸ್ವಲ್ಪ ಹೊಸದು, ನೆಲ ಸ್ವಲ್ಪ..."

"ಕುಣಿಯಲಾರ್ದೋಳು ನೆಲ ಡೊಂಕು ಅಂದ್ಲಂತೆ. ಕ್ಲೋವಿಸ್, ಮನೆಗ್ ಹೋದ್ಮೇಲೆ ಅಂಚೆಗೆ ಮುಂಗವಚ ತೆಗೆದುಕೊಡು."

ಆ ಮಾತು ಲೀಂಡರ್‌ಗೆ ಎಲ್ಲಿ ನಾಟಿತೋ! ಕೊಟ್ಟಿಗೆ, ಗರಿ, ಸೀನು, ಸಾಯುವವರೆಗೂ! ಭಾರದ ಬೇಟೆ ಕೋಟನ್ನು ಕಿತ್ತು ಎಸೆದ. ಒಳಗಿದ್ದ ಕಡುಕೆಂಪು ಸ್ವೆಟರ್ ಹೊರಗೆ ಬಂತು. ನಾವು ಹಿಡಿಯುವಷ್ಟರಲ್ಲಿ ಹುಲ್ಲಿನಿಂದ ಎದ್ದು ಬಯಲಿಗೆ ಓಡಿದ.

"ಏಯ್! ಕತ್ತೆ! ಬಾತು ಎಲ್ಲಾ ಹಾರಿ ಹೋಗುತ್ವೆ ಕಣೋ!" ಎಂದು ಕ್ಯಾಪ್ಟನ್ ಹಲ್ಲು ಕಡಿದರು.

ಬಾತುಗಳು ಹಾರಲಿಲ್ಲ. ಕುತ್ತಿಗೆ ಎತ್ತಿದವು. ಲೀಂಡರ್ ಬಗ್ಗಿ ಕಡ್ಡಿ ತೆಗೆದುಕೊಂಡು, ಏದುಸಿರು ಬಿಡುತ್ತಾ, ಜಾರುತ್ತಾ, ನೆಗೆಯುತ್ತಾ ವಾಪಸು ಬಂದ. ಹಿಂಡಿನ ಮುಂದಿದ್ದ ಬಾತು ನಮ್ಮ ದಡದತ್ತ ತಿರುಗಿತು. ಹಿಂದೆ ಇನ್ನೊಂದು. ಅವುಗಳ ಅಜ್ಜಂದಿರ ಕಾಲದಿಂದಲೂ ಅವು ಕೆಂಪು ನಾಯಿ ಕುಣಿಯುವುದನ್ನು ನೋಡಿದ್ದವು. ಅಂಚೆಯವನು ಕುಣಿಯುವುದನ್ನು ನೋಡಿರಲಿಲ್ಲ.

ಕ್ಯಾಪ್ಟನ್ ಬಾಯಿ ತೆರೆದವರು ಹಾಗೇ ಇದ್ದರು. ಆಮೇಲೆ ನಿಧಾನವಾಗಿ ಕೈ ಚಾಚಿ, ನೆಲದಲ್ಲಿದ್ದ ಒಂದು ಕಡ್ಡಿ ಹೆಕ್ಕಿಕೊಂಡು, ತಾವೇ ಎಸೆದರು.

"ಓಡು" ಎಂದರು ಪಿಸುಮಾತಿನಲ್ಲಿ. "ಓಡಯ್ಯಾ, ನಿಲ್ಬೇಡ. ನಿನ್ ಕೈ ಮುಗಿತೀನಿ, ನಿಲ್ಬೇಡ!"

ಲೀಂಡರ್ ಓಡಿದ. ಕ್ಯಾಪ್ಟನ್ ಎಸೆದರು, ಲೀಂಡರ್ ತಂದ. ಬಿಜೂ ಇಬ್ಬರನ್ನೂ ಸರದಿಯಂತೆ ನೋಡುತ್ತಾ ಬಾಲ ಆಡಿಸಿತು. ಕ್ಲೋವಿಸ್ ನಗು ತಡೆಯಲು ತನ್ನ ಕೈಗವಸನ್ನೇ ಬಾಯಿಗೆ ತುರುಕಿಕೊಂಡಿದ್ದ, ರೆಮಿ ಹುಲ್ಲಿನಲ್ಲಿ ಮುಖ ಹುದುಗಿಸಿ ಅಲುಗಾಡುತ್ತಿದ್ದ. ನೀರಿನ ಮೇಲೆ ಬಾತುಗಳು ಬರುತ್ತಲೇ ಇದ್ದವು. ಈ ಹಿಂಡನ್ನು ನೋಡಿ ಆ ಹಿಂಡು, ಅದನ್ನು ನೋಡಿ ಇನ್ನೊಂದು. ಆಚೆ ದಡದ ಬೆನ್ವಾ ಅಮೀರೋನ ಮುಂದಿದ್ದ ಬಾತುಗಳು ಕೂಡ ಅವನಿಗೆ ಬೆನ್ನು ತೋರಿಸಿ ಕೊಲ್ಲಿ ದಾಟಿದವು. ಅವನ ನಾಯಿಯೂ ಎದ್ದು ನಿಂತು ಇತ್ತಲೇ ನೋಡುತ್ತಿತ್ತು.

"ಬೀಳು!" ಎಂದು ಕೂಗಿದರು ಕ್ಯಾಪ್ಟನ್.

ಲೀಂಡರ್ ಕೆಸರಿನಲ್ಲಿ ಬೋರಲು ಬಿದ್ದ. ಬಾತುಗಳು ಮೇಲೆದ್ದವು. ಕ್ಯಾಪ್ಟನ್ನೂ ನಾನೂ ಗುಂಡು ಹೊಡೆದೆವು. ಗಂಡು ಮಕ್ಕಳಿಬ್ಬರ ಕೋವಿಗಳು ನಗುವಿಗೆ ಆಕಾಶದ ಕಡೆ ತಿರುಗಿ ಮೋಡಕ್ಕೆ ಗುಂಡು ಹಾಕಿದವು. ಆಗ ಬಿಜೂ ಎದ್ದಿತು. ಗುಂಡಿನ ಸದ್ದಾದ ಮೇಲಿನ ಕೆಲಸ ತನ್ನದೆಂದು ಅದಕ್ಕೆ ಹುಟ್ಟಿನಿಂದಲೇ ಗೊತ್ತಿತ್ತು, ಅದೊಂದನ್ನು ಲೀಂಡರ್ ತೋರಿಸಿಕೊಟ್ಟಿರಲಿಲ್ಲ. ಕೊರೆಯುವ ನೀರಿಗೆ ಧುಮುಕಿ, ಬಿದ್ದ ಬಾತುಗಳನ್ನು ಒಂದೊಂದಾಗಿ ಮೆತ್ತಗೆ ಕಚ್ಚಿ ತಂದು ಕೆಸರಿನಲ್ಲಿ ಮಲಗಿದ್ದ ಲೀಂಡರ್‌ನ ತಲೆಯ ಹತ್ತಿರ ಜೋಡಿಸಿತು.

ಅದೇ ಹೊತ್ತಿಗೆ ಬಂಡೆಯ ಹಿಂದಿನಿಂದ ವಾರ್ಡನ್ ಹ್ಯಾಟ್‌ಫೀಲ್ಡ್ ಎದ್ದು ಬಂದ. ನಮ್ಮ ನಗು ನಿಂತಿತು.

"ಎಲ್ಲಾ ನೋಡಿದೀನಿ" ಎಂದ. ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ಜೀವಂತ ಹಕ್ಕಿ ಕಟ್ಟಿ ಬಾತುಗಳಿಗೆ ಆಸೆ ತೋರಿಸ್ಬಾರ್ದು ಅಂತ ಕಾಯಿದೆ ಇದೆ, ಕ್ಯಾಪ್ಟನ್."

"ಇವನು ಹಕ್ಕಿನಾ?"

"ಅದನ್ನೇ ಯೋಚಿಸ್ತಿದೀನಿ. ನಾಯಿ ಆಗಬಹುದು ಅಂತ ಬರೆದಿದೆ. ಅಳಿಯನ ವಿಷಯ ಏನೂ ಬರೆದಿಲ್ಲ." ಅವನು ಟೋಪಿ ಸರಿಮಾಡಿಕೊಂಡ. "ಬರೆಯೋವರೆಗೂ ನಡೀಲಿ."

ಸಂಜೆ ಕ್ಯಾಪ್ಟನ್ನರ ಮನೆಯಲ್ಲಿ ಎಲ್ಲರೂ ಸೇರಿದರು. ಲೀಂಡರ್ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು, ಕಂಬಳಿ ಹೊದ್ದು, ಸೀನುತ್ತಾ ಕೂತಿದ್ದ. ಈ ಸಲದ ಸೀನು ಗರಿಯದಲ್ಲ, ನೆಗಡಿಯದು. ಬಿಜೂ ಒದ್ದೆ ಮೈಯಲ್ಲೇ ಸೋಫಾ ಹತ್ತಿ ಮಲಗಿತ್ತು, ಒಡೀಲ್ ನೋಡಿಯೂ ನೋಡದವಳಂತೆ ಅದರ ತಲೆ ಸವರುತ್ತಿದ್ದಳು. ದಾರಿಯುದ್ದಕ್ಕೂ ಕ್ಯಾಪ್ಟನ್ ಒಂದು ಮಾತೂ ಆಡಿರಲಿಲ್ಲ. ಲೀಂಡರ್‌ಗೆ ಅದೇ ಭಯ. ಕೊನೆಗೆ ತಡೆಯಲಾರದೆ ತಾನೇ ಎದ್ದು, ಮೊಳೆಗೆ ನೇತುಹಾಕಿದ್ದ ಮುಂಗವಚಕ್ಕೆ ಕೈ ಹಾಕಿದ.

"ಮಾವ, ನೀವು ಹೇಳಿದ್ದು ನಾಯಿ ಬಾತು ತರ್ಬೇಕು ಅಂತ. ಸತ್ತ ಬಾತು ತಂತೇ ಹೊರತು, ಜೀವಂತ ಬಾತುಗಳನ್ನ ದಡಕ್ಕೆ ಕರೆದದ್ದು ನಾಯಿ ಅಲ್ಲ. ಮಾತು ಅಂದ್ರೆ ಮಾತು. ಗರಿ ನಾನೇ ಕೀಳ್ತೀನಿ."

ಕ್ಯಾಪ್ಟನ್ ಎದ್ದು ಬಂದರು. ಮುಂಗವಚವನ್ನು ಅವನ ಕೈಯಿಂದ ಕಿತ್ತುಕೊಂಡು ಕ್ಲೋವಿಸ್‌ನ ಮುಖಕ್ಕೆ ಎಸೆದರು.

"ಮೋಡ ಹೊಡೆದೋರು ಗರಿ ಕೀಳ್ಲಿ. ಇಬ್ರೂ ಹೋಗ್ರೋ ಕೊಟ್ಟಿಗೆಗೆ!"

ಆಗಲೇ ಬಾಗಿಲು ಬಡಿದ ಸದ್ದು. ತೆರೆದರೆ ಬೆನ್ವಾ ಅಮೀರೋ! ಕೈಯಲ್ಲಿ ಟೋಪಿ, ಪಕ್ಕದಲ್ಲಿ ಆ ಪದಕ ಗೆದ್ದ ಲ್ಯಾಬ್ರಡಾರ್. ಅಷ್ಟು ವರ್ಷದ ಮೇಲೆ ಆ ಹೊಸ್ತಿಲು ತುಳಿದವನು ಸುತ್ತಿ ಬಳಸಿ ಮಾತಾಡಲಿಲ್ಲ.

"ಮೆಡ್ರಿಕ್, ಹಳೇದೆಲ್ಲಾ ಬಿಡೋಣ. ಈ ನಾಯಿಗೆ ಮೂರು ಪದಕ ಬಂದಿದೆ. ಇದನ್ನ ನೀನು ಇಟ್ಕೋ. ಋತು ಮುಗಿಯೋವರೆಗೂ ಆ ಕೆಂಪು ಸ್ವೆಟರಿನೋನನ್ನ ನನಗೆ ಕೊಡು."

ಲೀಂಡರ್ ಬಕೆಟ್ಟಿನ ಪಕ್ಕ ಬರಿಗಾಲಲ್ಲಿ ನಿಂತೇ ಇದ್ದ. ಕ್ಯಾಪ್ಟನ್ ಆ ಲ್ಯಾಬ್ರಡಾರನ್ನು ತಲೆಯಿಂದ ಬಾಲದವರೆಗೆ ನೋಡಿದರು, ಒಳ್ಳೆಯ ನಾಯಿ ಎಂದು ತಲೆ ಆಡಿಸಿಯೂ ಆಡಿಸಿದರು. ಆಮೇಲೆ ಲೀಂಡರ್‌ನ ಹೆಗಲ ಮೇಲೆ ತಮ್ಮ ಭಾರವಾದ ಕೈ ಇಟ್ಟರು.

"ಬೇಕಿದ್ರೆ ಆ ದೋಣಿ ತಗೊಂಡ್ ಹೋಗು, ಬೆನ್ವಾ" ಎಂದರು. "ನನ್ನ ಅಳಿಯನ್ನ ಕೊಡಲ್ಲ."